ಮಾಳವ್ವ ಬಡದು ನೋಡಿದ ಬೋಟು

ನಮ್ಮ ಮನಿಯವರಿಗೆ ಮಾತಂದ್ರ ಖರ್ಚು ಇದ್ದಂಗ. ದಿನಕ್ಕ ಹತ್ತು ಮಾತು ಆಡಿದ್ರ ಹನ್ನೊಂದನೇದು ನಾಳಿಗಿ ಇರಲಿ ಅಂತ ಇಟ್ಟುಗೋತಾರ. ಹೆಸರು ದೇವಪ್ಪ. ಗಂಡನ ಹೆಸರು ಹೇಳಬಾರದಂತ ನಮ್ಮತ್ತಿ ಕಲಿಸಿದ್ರು. ಆದ್ರ ಈ ಕತಿ ಹೇಳುವಾಗ ನನಗ ಇನ್ನೂ ಸಿಟ್ಟು ಬರತೈತಿ, ಅದಕ್ಕ ಹೇಳೇಬಿಟ್ಟೆ.

ನಾವು ಸವಡಿಯವರು. ಮೂರು ಎಕರೆ ಹೊಲಾ ಐತಿ, ಅದರ ಜೋಡಿ ಮೀನುಗಾರರ ಸಂಘದ ಕಡಿಯಿಂದ ಕೆರಿಯೊಳಗ ಮೀನು ಹಿಡಿಯೂ ಪಾಳಿನೂ ಐತಿ. ಇಪ್ಪತ್ನಾಕು ವರ್ಷ ಆತು, ಒಂದ ಹರಗೋಲಿನಾಗ ನಾವಿಬ್ಬರು. ಅವರು ಬಲಿ ಬಿಡ್ತಾರ, ಬಲಿ ಎತ್ತತಾರ. ನಾ ಹುಟ್ಟು ಹಾಕ್ತೀನಿ. ನಮ್ಮ ಮಂದಿಯೊಳಗ ಪದ್ಧತಿನ ಹಿಂಗ, ಬಲಿ ಗಂಡಸಿಂದು, ಹುಟ್ಟು ಹೆಂಗಸಿಂದು. ಮದಿವ್ಯಾಗಿ ಎಂಟು ದಿನ ಆಗಿತ್ತು, ನಮ್ಮತ್ತಿ ನನ್ನ ಕೈಯಾಗ ಹುಟ್ಟು ಕೊಟ್ಟು, “ರೊಟ್ಟಿ ಬಡಿಯೂದು ಆಮ್ಯಾಲ ಕಲತ್ರೂ ನಡಿತೈತಿ, ಮದಲ ಇದನ್ನ ಕಲಿ” ಅಂದ್ರು. ಕಲತೆ. ಗಾಳಿ ಯಾವ ಕಡಿಯಿಂದ ಬಂದ್ರೂ ಹರಗೋಲು ಗಿರಗಿರ ತಿರಗದಂಗ ಹಿಡಿಯೂದು, ಬಲಿ ಬಿಗೀನೂ ಆಗದಂಗ ಸಡಲೂ ಆಗದಂಗ ಹಗೂರಕ ಸರಿಯೂದು, ಇದರಾಗ ನನ್ನ ಸರಿ ನಮ್ಮ ಕೆರಿಯೊಳಗ ಯಾರೂ ಇಲ್ಲ. ಜಂಬ ಅಂದ್ರ ಅನ್ರಿ.

ಮನ್ಯಾಗ ನಾ ಒಬ್ಬರ ಸೊಸಿ, ಒಬ್ಬರ ತಾಯಿ. ಹೊಲದಾಗ ನಾನೂ ಒಂದು ಆಳು. ನೀರಿನ ಮ್ಯಾಲ ಮಾತ್ರ ನಾ ಮಾಳವ್ವ. ಅಲ್ಲಿ ನಾ ಬಲಕ್ಕ ಅಂದ್ರ ಬಲಕ್ಕ, ಎಡಕ್ಕ ಅಂದ್ರ ಎಡಕ್ಕ.

ಹೋದ ಮಳಿಗಾಲದಾಗ ನನ್ನ ಬಲಗಡಿ ರಟ್ಟಿ ಹಿಡಕೊಂತು. ತಲಿ ಬಾಚಿಕೊಳ್ಳಾಕ ಕೈ ಮ್ಯಾಲ ಏಳವಲ್ದು. ರೋಣದಾಗ ದವಾಖಾನಿಗೆ ಹೋದ್ವಿ. ಡಾಕ್ಟರು ಕೈ ಆ ಕಡೆ ಈ ಕಡೆ ತಿರುವಿ ನೋಡಿ, “ಹುಟ್ಟು ಹಾಕೂದು ಬಿಡಬೇಕವ್ವಾ. ಇಲ್ಲಾಂದ್ರ ನಾಳೆ ಊಟಕ್ಕೂ ಈ ಕೈ ಬರೂದಿಲ್ಲ” ಅಂದ್ರು. ನಮ್ಮವರು ಬಾಜೂಕ ನಿಂತು ಕೇಳಿಸಿಕೊಂಡ್ರು. ಅವತ್ತ ಸಂಜಿಮುಂದ ರೊಟ್ಟಿ ಮುರಕೋತ ಅಂದ್ರು, “ಇಂಜಿನ್ ಬೋಟು ತರೂಣು. ಹಳೇದ ನೋಡೂಣು. ನಿನಗ ಹುಟ್ಟಿನ ಕಾಟ ತಪ್ಪತೈತಿ.”

ಅಷ್ಟ. ಆ ದಿನದ ಹತ್ತು ಮಾತು ಅಲ್ಲಿಗೆ ಮುಗದ್ವು.

ನಾ ಅಂಜಿದೆ. ಯಾಕಂದ್ರ ನನಗ ಪುರ್ತಗೇರಿ ಮರಿಯವ್ವ ಗೊತ್ತು. ನನ್ನ ತೌರಿನ ಕಡೆಯಾಕಿ, ನನ್ನಂಗ ಹುಟ್ಟು ಹಾಕಾಕಿ. ಆಕಿ ಗಂಡ ಎರಡು ವರ್ಷದ ಹಿಂದ ಇಂಜಿನ್ ತಂದ. ಮದಿವಿ ಮನ್ಯಾಗ ಸಿಕ್ಕಾಗ ಹೇಳಿದ್ಲು, “ಇಂಜಿನ್ ಬಂದ ದಿನಾನ ನಾ ಕೆಳಗ ಇಳದೆ ಮಾಳವ್ವಕ್ಕ. ಅವರೂ ಅವರ ತಮ್ಮನೂ ಹೋಗ್ತಾರ. ನಾ ಕೆರಿ ದಂಡಿ ಮ್ಯಾಲ ಕುಂತು ಮೀನು ತೂಗ್ತೀನಿ.” ನಗಕೋತನ ಹೇಳಿದ್ಲು, ಆದ್ರ ಆ ನಗಿ ನನಗ ಚಲೋ ಅನಸಲಿಲ್ಲ.

ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅಂತಾರಲ್ಲ, ನನ್ನ ಬಾಳೇವನೂ ಹಂಗ ಆತು ಅಂತ ತಿಳಕೊಂಡೆ. ಗಂಡನ್ನ ಕೇಳಬೇಕಿತ್ತಲ್ಲ ಅಂತೀರಿ. ಕೇಳಿ, ಅವರು ಹೌದು ಅಂದ್ಬಿಟ್ರ ಏನ್ ಮಾಡ್ಲಿ? ಕೇಳದ ಇದ್ರ ಇನ್ನೂ ನಾಕು ದಿನಾ ನನ್ನ ಜಾಗಾ ನಂದ ಇರತೈತಿ ಅಂತ ಗಪ್ಪ ಕುಂತೆ. ಮೂರು ತಿಂಗಳು ಕುಂತೆ.

ಆ ಮೂರು ತಿಂಗಳು ಅವರು ಫೋನಿನಾಗ ಬೋಟಿನ ಚಿತ್ರಾ ನೋಡಿದ್ದ ನೋಡಿದ್ದು. ದೀಪಾವಳಿ ಮುಗದು, ಕಡ್ಲಿ ಬಿತ್ತಿ ಕೈ ಖಾಲಿ ಆದ ಮ್ಯಾಲ, “ನಡಿ, ಗಜೇಂದ್ರಗಡದಾಗ ಒಂದೈತಂತ” ಅಂದ್ರು.

“ನಾ ಯಾಕ?” ಅಂದೆ.

“ಬಡದು ನೋಡಾಕ” ಅಂದ್ರು.

ಇದೊಂದು ಹೇಳಬೇಕು. ನನ್ನ ಕಿವಿ ಊರಾಗ ಹೆಸರುವಾಸಿ. ಕುಂಬಾರರ ಕಡೆ ಗಡಗಿ ತಗೋಳಾಗ ಬೆರಳು ಮಡಚಿ ಬಡದು ನೋಡ್ತೀವಲ್ಲ, ಕೂದಲೆಳಿಯಷ್ಟು ಸೀಳಿದ್ರೂ ನನಗ ಗೊತ್ತಾಗತೈತಿ. ಓಣಿಯಾಗ ಯಾರ ಮನಿಗೆ ಗಡಗಿ ಬೇಕಾದ್ರೂ ನನ್ನ ಕರಕೊಂಡು ಹೋಗ್ತಾರ. ನಮ್ಮವರು ಬಾಯಿ ಬಿಟ್ಟು ಹೊಗಳಿದವರಲ್ಲ, ಆದ್ರ ನಾ ಬಡದು ನೋಡಲಾರದ ಒಂದು ಗಡಗಿನೂ ನಮ್ಮ ಮನಿ ಹೊಸ್ತಲಾ ದಾಟಿಲ್ಲ.

ಗಜೇಂದ್ರಗಡದಾಗ ಬೋಟು ಮಾರಾವ ಉಮೇಶ ಅನ್ನೂ ಮನಷ್ಯಾ. ಬೋಟಿಗೆ ಹೊಸಾ ನೀಲಿ ಬಣ್ಣ ಬಳದಿದ್ದ. ಇನ್ನೂ ವಾಸನಿ ಹೋಗಿದ್ದಿಲ್ಲ. ಫೈಬರಿನ ಬೋಟಿಗೆ ಹಿಂದ ಒಂದು ದಪ್ಪ ಹಲಗಿ ಇರತೈತಿ, ಇಂಜಿನ್ ಅದಕ್ಕ ಜೋತು ಬೀಳೂದು. ಹಲಗಿ ಮ್ಯಾಲ ಫೈಬರ್ ಹೊಚ್ಚಿರತಾರ, ಒಳಗ ನೀರು ಇಳದು ಕೊಳತ್ರೂ ಹೊರಗ ಕಾಣೂದಿಲ್ಲ. ನಾ ಹೋದಾಕಿನ ಅಲ್ಲಿ ಬಡದೆ. ಡಬ್ ಡಬ್ ಅಂತು, ಹಸೀ ಗ್ವಾಡಿ ಬಡದಂಗ. ಆಮ್ಯಾಲ ಸುಮ್ಮನ ಇಂಜಿನ್ ಮ್ಯಾಲ ಕೈ ಇಟ್ಟೆ. ಬೆಚ್ಚಗಿತ್ತು.

“ತಮ್ಮಾ, ಇದು ತಣ್ಣಗಿದ್ದಾಗ ಲಗೂ ಚಾಲೂ ಆಗೂದಿಲ್ಲೇನು? ನಾವು ಬರೂಕಿಂತ ಮದಲ ಬಿಸಿ ಮಾಡಿ ಇಟ್ಟೀಯಲ್ಲ” ಅಂದೆ.

ಉಮೇಶ ತಲಿ ಕೆರಕೊಂಡ. “ಅಕ್ಕಾರ, ನೀವು ಬೋಟು ತಗೋಳಾಕ ಬಂದೀರೋ, ತಪಾಸಣಿಗೆ ಬಂದೀರೋ?” ಅಂದ.

ನಮ್ಮವರು ಆದ್ರೂ ಇಂಜಿನ್ ಹಗ್ಗಾ ಎರಡ ಸಲ ಜಗ್ಗಿ ನೋಡಿದ್ರು, ಎಡಗೈಲೆ. ಅವರ ಬಲಗೈಗೆ ಏನೂ ಆಗಿದ್ದಿಲ್ಲ. “ಭಾಳ ಬಿಗಿ ಐತಿ” ಅಂದು ಬಿಟ್ರು. ಬಲಗೈ ಇರೂ ಮನಷ್ಯಾ ಎಡಗೈಲೆ ಯಾಕ ಜಗ್ಗತಾನ ಅಂತ ಮನಸಿನಾಗ ಅಂದುಕೊಂಡೆ. ಬರೂಮುಂದ ದಾರ್‍ಯಾಗ ಚಹಾ ಕುಡಿಸಿದ್ರು, ಜೋಡಿ ಒಂದು ಪ್ಲೇಟ ಮಿರ್ಚಿ ಭಜಿನೂ ಕೊಡಿಸಿದ್ರು. ಮಿರ್ಚಿ ಕೊಡಿಸಿದ್ರಂದ್ರ, ನಾ ಮೋಸ ಹಿಡದೆ ಅಂತ ಭಾಳ ಖುಷಿ ಆಗ್ಯಾರ ಅಂತ ಅರ್ಥ. ನಾನೂ ಖುಷಿಯಾಗಿದ್ದೆ, ನನ್ನ ಖುಷಿ ಬ್ಯಾರೆದಕ್ಕ ಇತ್ತು. ಬೋಟು ಬಂದಿಲ್ಲ, ನನ್ನ ಜಾಗಾ ಹೋಗಿಲ್ಲ.

ಮುಂದಿನ ವಾರ ಮೋಟರ್ ಸೈಕಲ್ ಗಾಡಿ ಮ್ಯಾಲ ನರಗುಂದಕ್ಕ ಹೋದ್ವಿ. ಅಲ್ಲಿ ಮೋದಿನಸಾಬರು ಅಂತ, ಅರವತ್ತೈದು ದಾಟಿದ ಹಿರಿಯಾರು. ಹತ್ತು ವರ್ಷ ಹಿನ್ನೀರಿನಾಗ ಮೀನು ಹಿಡದವರು. ಮಣಕಾಲು ಕೈ ಕೊಟ್ಟ ಮ್ಯಾಲ ಬೋಟು ಮಾರಾಕ ತಗದಿದ್ರು. ಅಂಗಳದಾಗ ಬೇವಿನ ಗಿಡದ ಕೆಳಗ ಬೋಟು, ಬಾಜೂಕ ನೀರು ತುಂಬಿದ ಡ್ರಮ್ಮಿನಾಗ ಇಂಜಿನ್ ಇಳಿಬಿಟ್ಟಿದ್ರು. ಬಣ್ಣ ಹೊಸಾದಲ್ಲ, ಅಲ್ಲಲ್ಲೆ ಕೆತ್ತಿ ಹೋಗಿತ್ತು. ನಮಗಿಂತ ಮದಲ ಇನ್ನೊಬ್ಬ ಗಿರಾಕಿ ಕುಂತಿದ್ದ, ಚಿಕ್ಕನರಗುಂದದ ತೋಟಪ್ಪ. ಅವನೂ ತನ್ನ ಸಂಘಕ್ಕ ಅಂತ ಬೋಟು ನೋಡಾಕ ಬಂದಿದ್ದ.

“ಮದಲ ಮುಟ್ಟಿ ನೋಡ್ರಿ, ತಣ್ಣಗೈತಿ. ಆಮ್ಯಾಲ ಚಾಲೂ ಮಾಡ್ತೀನಿ” ಅಂದ್ರು ಮೋದಿನಸಾಬರು. ಇಂಜಿನ್ನಿನ ಕೆಳಗಿನ ಎಣ್ಣಿ ಒಂದು ಹನಿ ತಗದು ಹೆಬ್ಬಟ್ಟಿನ ಮ್ಯಾಲ ತೋರಿಸಿದ್ರು. ನೀರು ಹೊಕ್ಕಿದ್ರ ಎಣ್ಣಿ ಹಾಲಿನಂಗ ಬೆಳ್ಳಗ ಆಗತೈತಂತ. ಇದು ಸ್ವಚ್ಛ ಇತ್ತು. ಹಗ್ಗಾ ಜಗ್ಗಿದ್ರು, ಎರಡನೇದಕ್ಕ ಚಾಲೂ ಆತು, ಮಗ್ಗಲದ ತೂತಿನಿಂದ ನೀರು ಸೊರ್ರ್ ಅಂತ ಚಿಮ್ಮಿತು. “ಈ ನೀರು ನಿಂತ್ರ ಇಂಜಿನ್ ಸುಡತೈತಿ, ಇದರ ಮ್ಯಾಲ ಯಾವಾಗಲೂ ಒಂದು ಕಣ್ಣಿರಬೇಕು” ಅಂದ್ರು. ನಮ್ಮವರು ಅದನ್ನ ಬಂದ್ ಮಾಡಿಸಿ ತಾವೂ ಜಗ್ಗಿದ್ರು, ಮತ್ತ ಎಡಗೈಲೆ. ಅವರಿಗೂ ಎರಡನೇದಕ್ಕ ಚಾಲೂ ಆತು. ಅವರ ಮಾರಿ ಅರಳಿತು.

“ಬಡದು ನೋಡು” ಅಂದ್ರು ನನಗ.

ಹಿಂದಿನ ಹಲಗಿ ಹತ್ರ ಕುಕ್ಕರಗಾಲಿಲೆ ಕುಂತೆ. ಬೆರಳು ಮಡಚಿ ಬಡದೆ. ಟಕ್ ಟಕ್. ಚಲೋ ಸುಟ್ಟ ಗಡಗಿ ದನಿ. ಎಡಕ್ಕ ಬಡದೆ, ಬಲಕ್ಕ ಬಡದೆ, ಕೆಳಗಿನ ಮೂಲ್ಯಾಗ ಬಡದೆ. ಎಲ್ಲಾ ಕಡೆ ಗಟ್ಟಿ. ತಿರುಗಿ ನೋಡಿದ್ರ ನಮ್ಮವರು ಆಗಲೇ ಒಳಕಿಸೆದಾಗ ಕೈ ಹಾಕಿ ಮುಂಗಡ ಕೊಡೂ ಸಂಚಕಾರದ ರೊಕ್ಕಾ ಹಿಡಕೊಂಡು ನಿಂತಾರ. ಇನ್ನೇನು, ನಾ ಹೂಂ ಅಂದ್ರ ಮುಗೀತು. ನಾಳಿಂದ ನಾನೂ ಮರಿಯವ್ವನಂಗ ತಕ್ಕಡಿ ಹಿಡದು ದಂಡಿ ಮ್ಯಾಲ.

“ಬ್ಯಾಡ್ರಿ. ಟೊಳ್ಳ ಐತಿ. ಒಳಗ ಹಲಗಿ ಕೊಳತೈತಿ” ಅಂದೆ.

ನಮ್ಮವರು ಕಿಸೆದಾಗಿಂದ ಬರೇ ಕೈ ಹೊರಗ ತಗದ್ರು. ಒಂದು ಪ್ರಶ್ನಿ ಇಲ್ಲ, ತಾವೊಮ್ಮೆ ಬಡದು ನೋಡೂದಿಲ್ಲ. “ಆತು ಬಿಡು” ಅಂದು, ಮೋದಿನಸಾಬರಿಗೆ ಕೈ ಮುಗದು, ಗಾಡಿ ಕಡೆ ನಡದ್ರು. ಮೋದಿನಸಾಬರು ಮಾತ್ರ ಆ ಹಲಗಿ ಹತ್ರ ಬಂದ್ರು. ಮಣಕಾಲು ಬಾಗಸಾಕ ಬರದಿದ್ರೂ ಹ್ಯಾಂಗೋ ಬಗ್ಗಿ, ಕಿವಿ ಹಚ್ಚಿ ಬಡದು ಬಡದು ನೋಡಿದ್ರು. “ನನಗ ಹಂಗ ಕೇಳವಲ್ದು ತಂಗಿ. ಇರಬಹುದು, ನನ್ನ ಕಿವಿ ಮಂದ ಆಗಿರಬೇಕು” ಅಂದ್ರು. ನಾ ಅವರ ಮಾರಿ ನೋಡಲಾರದ ಸೆರಗು ಸರಿ ಮಾಡಕೋತ ಹೊರಗ ಬಂದೆ.

ಅರ್ಧಾ ತಾಸಿನ ದಾರಿ ಬಂದಿದ್ವಿ. ಎರಡೂ ಕಡೆ ಕರೀ ಹೊಲಾ, ಕಡ್ಲಿ ಆಗಷ್ಟ ಹಸರು ಎದ್ದಿತ್ತು. ಗೆದ್ದೆ ಅಂತ ನನಗ ಅನಸಬೇಕಿತ್ತು. ಅನಸಲಿಲ್ಲ.

ಆವಾಗ ನಮ್ಮವರು ಮುಂದ ನೋಡಕೋತನ ಅಂದ್ರು, “ಆ ಇಂಜಿನ್ನಿನ ಹಗ್ಗಾ ಭಾಳ ಹಗರ ಇತ್ತು. ಎಡಗೈಲೆ ಎರಡನೇ ಸಲಕ್ಕ ಬಂತು. ನಿನಗ ತ್ರಾಸ ಆಗತಿದ್ದಿಲ್ಲ.”

“ನನಗ್ಯಾಕ ತ್ರಾಸು? ನಾ ಯಾಕ ಅದನ್ನ ಜಗ್ಗಲಿ?”

“ಮತ್ಯಾರು ಜಗ್ಗತಾರ? ನಾ ಬಲಿ ಬಿಡಲ್ಯೋ ಇಂಜಿನ್ ಹಿಡೀಲ್ಯೋ? ನಿನ್ನ ಬಲಗೈ ಏಳೂದಿಲ್ಲ, ಅದಕ್ಕ ಎಡಗೈಲೆ ಜಗ್ಗಿ ನೋಡಿದೆ.”

ಇಷ್ಟು ಮಾತು ಒಂದ ಉಸರಿಗೆ ಅವರು ಆಡಿದ್ದು ನಾ ಕೇಳಿದ್ದು ಅದ ಮದಲು.

“ಗಾಡಿ ನಿಂದರಸ್ರಿ” ಅಂದೆ.

ನಿಂದರಸಿದ್ರು. ಇಳದೆ. ನನಗ ಬಂದದ್ದು ಮದಲ ಸಿಟ್ಟು, ಅಳು ಅಲ್ಲ. ತಪ್ಪು ನಂದು, ಸಿಟ್ಟು ಅವರ ಮ್ಯಾಲ. “ಮೂರು ತಿಂಗಳಾತು ಫೋನು ತಿಕ್ಕಾಕ ಹತ್ತಿ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ರ ನಿಮ್ಮ ಗಂಟೇನು ಹೋಗತಿತ್ತು?” ಅಂದೆ.

“ಏನು ಹೇಳಬೇಕಿತ್ತು?”

“ಬೋಟಿನ್ಯಾಗ ನಾನೂ ಇರ್ತೀನಂತ.”

ನನ್ನ ಮಾರಿ ನೋಡಿದ್ರು. ಖರೇನ ಅವರಿಗೆ ತಿಳೀಲಿಲ್ಲ. “ಅದನ್ನೇನು ಹೇಳೂದು?” ಅಂದ್ರು.

ಹೊಲದ ಬದುವಿನ ಮ್ಯಾಲ ಕುಂತೆ. ಈ ಮನಷ್ಯಾಗ ನಾ ಇಲ್ಲದ ಬೋಟು ಅನ್ನೂದು ಕನಸಿನ್ಯಾಗೂ ಬಂದಿಲ್ಲ, ನಾ ಮಾತ್ರ ಮೂರು ತಿಂಗಳು ಅವರ ಮ್ಯಾಲ ವಿಷಾ ಕಾರಕೋತ ರೊಟ್ಟಿ ಬಡದು ಹಾಕೀನಿ.

“ಆ ಬೋಟು ಟೊಳ್ಳಿಲ್ರಿ. ಗಟ್ಟಿ ಐತಿ. ನನ್ನ ಕೆಳಗ ಇಳಸ್ತೀರಿ ಅಂತ ತಿಳದು ಸುಳ್ಳು ಹೇಳಿದೆ” ಅಂದೆ.

ಅವರು ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಸಣ್ಣ ದನೀಲೆ ಅಂದ್ರು, “ನೀರಿನ ಮ್ಯಾಲ ನಾ ನಿನ್ನ ಕಡೆ ಬೆನ್ನು ಮಾಡಿ ನಿಂದರ್ತೀನಿ ಮಾಳವ್ವ.”

ಅಷ್ಟ ಅಂದು ಗಾಡಿ ನರಗುಂದದ ಕಡೆ ತಿರುಗಿಸಿದ್ರು.

ಆ ಅರ್ಧಾ ತಾಸಿನ ದಾರಿ ನನಗ ಮುಗೀಲೇ ಇಲ್ಲ. ಅವರು ಹೇಳಿದ್ದು ಖರೇ ಇತ್ತು. ಬಲಿ ಬಿಡುವಾಗ ಅವರ ಕಣ್ಣು ಬಲಿ ಮ್ಯಾಲ, ನಾ ಎಲ್ಲಿಗೆ ಒಯ್ಯಾಕತ್ತೀನಿ ಅಂತ ಒಂದು ದಿನಾ ತಿರುಗಿ ನೋಡಿದವರಲ್ಲ. ನೀರಾಗ ಕಲ್ಲಿರತಾವ, ಮುಳ್ಳಗಂಟಿ ಇರತಾವ, ಗಾಳಿ ಇರತೈತಿ. ಎಲ್ಲಾ ನನಗ ಬಿಟ್ಟು ನಿಂತವರು. ನನ್ನ ಜಾಗಾ ಇಂಜಿನ್ ಕಸಗೋತೈತಿ ಅಂತ ಅಂಜಿ, ಆ ಜಾಗಾ ನಾನ ಕೈಯಾರೆ ಕಳಕೊಂಡ್ನೇನು ಅಂತ ಸಂಕಟ ಹತ್ತಿತು. ಇನ್ನ ಮ್ಯಾಲ ನಾ ಬಲಕ್ಕ ಅಂದ್ರ ಇವರು ಒಮ್ಮೆ ತಿರುಗಿ ನೋಡೇ ನೋಡ್ತಾರ. ಅವರ ಬೆನ್ನು ಕಣ್ಣ ಮುಂದ ಐತಿ, ಮುಟ್ಟಾಕ ಧೈರ್ಯ ಇಲ್ಲ, ಗಾಡಿ ಹಿಂದಿನ ಕಬ್ಬಣಾ ಹಿಡಕೊಂಡು ಕುಂತಿದ್ದೆ.

ಮೋದಿನಸಾಬರ ಅಂಗಳದಾಗ ತೋಟಪ್ಪ ಇನ್ನೂ ಇದ್ದ. ನಾ ಆಡಿದ ಮಾತು ಹಿಡಕೊಂಡು ಚೌಕಾಶಿ ನಡಿಸಿದ್ದ. “ಆ ಹೆಣ್ಮಗಳು ಟೊಳ್ಳ ಅಂತ ಎಲ್ಲಾರ ಎದರಿಗೆ ಹೇಳಿ ಹೋದ್ಲು. ಅರ್ಧಕ್ಕ ಕೊಡ್ರಿ, ನಾ ಬಿಟ್ರ ಇದನ್ನ ಮತ್ಯಾರೂ ಕೇಳೂದಿಲ್ಲ.” ಮೋದಿನಸಾಬರು ಹೂಂ ಅನ್ನೂ ಹಂತಕ್ಕ ಬಂದಿದ್ರು.

ನಾ ಸೀದಾ ಹೋಗಿ ಅವರ ಮುಂದ ನಿಂತೆ. “ಕಾಕಾ, ಅರ್ಧಕ್ಕ ಕೊಡಬ್ಯಾಡ್ರಿ. ನಿಮ್ಮ ಬೋಟು ಗಟ್ಟಿ ಐತಿ, ನಿಮ್ಮ ಕಿವೀನೂ ಚಲೋ ಐತಿ. ನಾ ಸುಳ್ಳು ಹೇಳಿದೆ.”

“ಯಾಕ ತಂಗಿ?” ಅಂದ್ರು.

“ಇದನ್ನ ತಗೊಂಡ್ರ ನನ್ನ ಬೋಟು ಹತ್ತಸೂದಿಲ್ಲ ಅಂತ ತಿಳಕೊಂಡಿದ್ದೆ.” ಪರ ಊರಾಗ, ಪರ ಗಂಡಸರ ಮುಂದ ಇದನ್ನ ಹೇಳುವಾಗ ನನ್ನ ಮಾರಿ ಬೆಂಕಿ ಬಿದ್ದಂಗ ಸುಡಾಕತ್ತಿತ್ತು.

ತೋಟಪ್ಪ ನಕ್ಕ. ಆಮ್ಯಾಲ ಅವನಿಗೆ ಸಿಟ್ಟು ಬಂತು. “ಮುಂಜಾನೆ ಟೊಳ್ಳ ಅಂದಿ, ಈಗ ಗಟ್ಟಿ ಅಂತಿ. ನಿನ್ನ ಯಾವ ಮಾತು ಹಿಡೀಲೆವ್ವಾ? ಒಮ್ಮಿ ಸುಳ್ಳಾಡಿದ ಬಾಯಿ. ಈ ಉಸಾಬರಿನ ನನಗ ಬ್ಯಾಡ.” ಟವೆಲ್ಲು ಹೆಗಲಿಗೆ ಹಾಕ್ಕೊಂಡು ಎದ್ದ. ಹೋಗೂಮುಂದ ನಮ್ಮವರ ಮಗ್ಗಲ ನಿಂತು ಅಂದ, “ಯಜಮಾನ್ರ, ನೀವೂ ಸ್ವತಾ ಬಡದು ನೋಡಿ ತಗೋರಿ. ಇಲ್ಲಾಂದ್ರ ಯಾರರ ಮಿಸ್ತ್ರೀನ ಕರಸ್ರಿ. ಇಕಿ ಮಾತಿನ ಮ್ಯಾಲ ಹೋಗಬ್ಯಾಡ್ರಿ.”

ಅವನ ಮ್ಯಾಲ ನನಗ ಸಿಟ್ಟು ಬರಲಿಲ್ಲ. ಅವನ ಜಾಗಾದಾಗ ನಾ ಇದ್ರೂ ಅದನ್ನ ಹೇಳತಿದ್ದೆ. “ಅವರು ಹೇಳೂದು ಸರಿ ಐತ್ರಿ. ನೀವ ಒಮ್ಮೆ ಬಡದು ನೋಡ್ರಿ” ಅಂತ ನಾನೂ ಅಂದೆ.

ನಮ್ಮವರು ಬೋಟಿನ ಹತ್ರ ಹೋದ್ರು. ಹಿಂದಿನ ಹಲಗಿ ಮುಂದ ನಿಂತ್ರು. ನಾ ನೆಲಾ ನೋಡಕೋತ ನಿಂತು, ಬಡಿಯೂ ಸಪ್ಪಳಕ್ಕ ಕಾದೆ. ಆ ಸಪ್ಪಳ ಕೇಳಿದ ಮ್ಯಾಲ ನಾನೂ ಮಂದಿಯಂಗ ಒಬ್ಬಾಕಿ ಅವರಿಗೆ. ಹೆಂಡ್ತಿ ಆಗಿ ಇರ್ತೀನಿ, ಮನ್ಯಾಗ ಇರ್ತೀನಿ, ಬೋಟಿನ್ಯಾಗೂ ಕುಂದರಸಿಗೋತಾರ. ಆದ್ರ ಮದಲಿನ ಮಾಳವ್ವ ಅಲ್ಲ.

ಸಪ್ಪಳ ಬರಲಿಲ್ಲ. ತಲಿ ಎತ್ತಿ ನೋಡಿದ್ರ, ಒಳಕಿಸೆದಿಂದ ಸಂಚಕಾರದ ರೊಕ್ಕಾ ತಗದು ಮೋದಿನಸಾಬರ ಕೈಯಾಗ ಇಡಾಕತ್ತಿದ್ರು. ಆ ಹಿರಿಯಾರು ಮುಂಜಾನೆ ಹೇಳಿದ ರೇಟಿಗೇನ, ಒಂದು ರೂಪಾಯಿ ಕಡಿಮಿ ಕೇಳಲಿಲ್ಲ.

ಮೋದಿನಸಾಬರೇ ಕೈ ಹಿಂದಕ್ಕ ಜಗ್ಗಿದ್ರು. “ಬಡದು ನೋಡ್ರಿ ದೇವಪ್ಪ. ನನಗೂ ಸಮಾಧಾನ ಆಗತೈತಿ.”

“ಮಾಳವ್ವ ನೋಡ್ಯಾಳಲ್ರಿ” ಅಂದ್ರು ನಮ್ಮವರು.

ಇಪ್ಪತ್ನಾಕು ವರ್ಷದಾಗ ಮಂದಿ ಮುಂದ ಎಂದೂ ಅತ್ತಾಕಿ ಅಲ್ಲ ನಾ. ಅವತ್ತ ಆ ಬೇವಿನ ಗಿಡದ ಕೆಳಗ ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಮೋದಿನಸಾಬರು ಒಳಗಿಂದ ಒಂದು ತಂಬಗಿ ನೀರು ತರಿಸಿ ಕೊಟ್ರು. ನಮ್ಮವರು ಮಾತ್ರ ನೀರಿನ ಮ್ಯಾಲ ನಿಂತಂಗ ನನ್ನ ಕಡೆ ಬೆನ್ನು ಮಾಡಿದ್ರು. ಬೋಟು ಸವಡಿಗೆ ಒಯ್ಯಾಕ ಟ್ರ್ಯಾಕ್ಟರ್ ಬಾಡಿಗಿ ಎಷ್ಟಾಗಬಹುದು ಅಂತ ಮೋದಿನಸಾಬರನ್ನ ಕೇಳಕೋತ ನಿಂತ್ರು.